ಅಡುಗೆಮನೆಯ ಅರಬ್ಬಿ

ನರ್ಸಮ್ಮ ವಿಶ್ವವಿದ್ಯಾಲಯದ ಅರಬ್ಬಿ ವಿಭಾಗಕ್ಕೆ ಅರ್ಜಿ ಹಾಕಿದಾಗ ಅವಳಿಗೆ ಐವತ್ತೆರಡು ವರ್ಷ. ಅದಕ್ಕೂ ಮುಂಚೆ ಇಪ್ಪತ್ಮೂರು ವರ್ಷ ಅರಬರ ನಾಡಿನ ಒಂದು ದೊಡ್ಡ ಆಸ್ಪತ್ರೆಯ ಹೆಂಗಸರ ವಾರ್ಡು ಅವಳ ಕೈಯಲ್ಲಿತ್ತು. ಸೂಜಿಗೆ ಹೆದರುವವರನ್ನು ರಮಿಸುವುದಕ್ಕೆ, ಮಾತ್ರೆಯನ್ನು ದಿಂಬಿನಡಿ ಬಚ್ಚಿಡುವವರನ್ನು ಗದರುವುದಕ್ಕೆ, ಹೆರಿಗೆ ನೋವಿನ ನಡುವೆ ಗಂಡನ ಮನೆಯವರನ್ನೆಲ್ಲ ಜಾಲಾಡುವ ಬಸುರಿಯರ ಜೊತೆ ದನಿಗೂಡಿಸುವುದಕ್ಕೆ ಎಷ್ಟು ಅರಬ್ಬಿ ಬೇಕೋ ಅಷ್ಟೂ ಅವಳ ನಾಲಿಗೆಯ ಮೇಲಿತ್ತು. ಓದಲು ಮಾತ್ರ ಬಾರದು. ಅಲ್ಲಿನ ಫೈಲುಗಳೆಲ್ಲ ಇಂಗ್ಲಿಷಿನಲ್ಲಿದ್ದುದರಿಂದ ಅದು ಬೇಕಾಗಿಯೂ ಇರಲಿಲ್ಲ. ಗೋಡೆಯ ಮೇಲಿನ ಅರಬ್ಬಿ ಬರಹ ಅವಳ ಕಣ್ಣಿಗೆ ದರ್ಜಿ ಅಂಗಡಿಯ ನೆಲದಲ್ಲಿ ಬಿದ್ದ ನೂಲಿನ ತುಂಡುಗಳ ಹಾಗೆ ಕಾಣುತ್ತಿತ್ತು. ಕೆಲಸ ಬಿಟ್ಟು ವಾಪಸು ಬಂದ ಮೇಲೆ, ಇಷ್ಟು ವರ್ಷ ಅನ್ನ ಕೊಟ್ಟ ಭಾಷೆಯಲ್ಲಿ ತಾನು ಹೆಬ್ಬೆಟ್ಟಾಗಿಯೇ ಉಳಿದೆನಲ್ಲ ಎಂಬ ಮಾತು ಅವಳನ್ನು ಕೊರೆಯತೊಡಗಿತು.

ಅವಳಿದ್ದದ್ದು ತಂಗಿಯ ಮನೆಯಲ್ಲಿ. ತಂಗಿ ವಿಶ್ವವಿದ್ಯಾಲಯದ ಹಿಂದಿನ ಗೇಟಿನೆದುರು ಜೆರಾಕ್ಸ್ ಅಂಗಡಿ ಇಟ್ಟಿದ್ದಳು. ಬೈಂಡಿಂಗು, ಸ್ಟಿಕ್ಕರು, ನಾಮಫಲಕದ ಕೆಲಸವನ್ನೂ ಹಿಡಿಯುತ್ತಿದ್ದಳು. ಅಕ್ಕನ ಅರ್ಜಿ ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ.

"ನೀರು ಕುಡಿದ ಹಾಗೆ ಮಾತಾಡ್ತೀಯ. ಅದನ್ನ ಮತ್ತೆ ಕಾಲೇಜಿಗೆ ಹೋಗಿ ಕಲಿಯೋದು ಅಂದ್ರೆ, ಮೀನು ಈಜು ಕಲಿಯೋಕೆ ಫೀಸು ಕಟ್ಟಿದ ಹಾಗಾಯ್ತು ಕಣಕ್ಕ."

"ಓದೋಕೆ ಬರಲ್ವಲ್ಲೇ ನಂಗೆ."

"ಅವರಿಗೆ ಮಾತಾಡೋಕೆ ಬರಲ್ಲ. ಆ ವಿಭಾಗದ ನೋಟ್ಸು ವರ್ಷಾವರ್ಷ ನನ್ನ ಹತ್ರಾನೇ ಬರೋದು. ನಾನು ಅಂಗಡಿ ಹಾಕಿದಾಗಿನಿಂದ ಅದೇ ನೋಟ್ಸು. ಜೆರಾಕ್ಸಿನ ಜೆರಾಕ್ಸು ತೆಗೆದೂ ತೆಗೆದೂ ಈಗ ಅಕ್ಷರಕ್ಕಿಂತ ಚುಕ್ಕೆಗಳೇ ಜಾಸ್ತಿ."

ಅರಬ್ಬಿಯಲ್ಲಿ ಚುಕ್ಕೆ ಎಂದರೆ ಹುಡುಗಾಟವಲ್ಲ, ಒಂದು ಚುಕ್ಕೆ ಹೆಚ್ಚಾದರೆ ಅಕ್ಷರವೇ ಬೇರೆಯಾಗುತ್ತದೆ ಎಂಬುದು ಆಗ ಅಕ್ಕತಂಗಿಯರಿಬ್ಬರಿಗೂ ಗೊತ್ತಿರಲಿಲ್ಲ.

ವಿಭಾಗ ಮೂರನೇ ಮಹಡಿಯ ತುದಿಯಲ್ಲಿತ್ತು. ಅಲ್ಲಿಗೆ ಹೋಗಬೇಕಾದರೆ ಭೂಗರ್ಭಶಾಸ್ತ್ರದವರು ಮೊಗಸಾಲೆಯಲ್ಲಿ ಪೇರಿಸಿಟ್ಟ ಕಲ್ಲಿನ ಪೆಟ್ಟಿಗೆಗಳ ನಡುವೆ ಅಡ್ಡಡ್ಡ ನಡೆಯಬೇಕು. ವಿಭಾಗದ ಮುಖ್ಯಸ್ಥರನ್ನು ವಿದ್ಯಾರ್ಥಿಗಳು ‘ನಿಘಂಟು’ ಎನ್ನುತ್ತಿದ್ದರು. ಯಾವ ಪದ ಕೇಳಿದರೂ ಅದರ ಧಾತು, ಅದರಿಂದ ಹುಟ್ಟಿದ ಹದಿನೈದು ರೂಪ, ಯಾವ ಶತಮಾನದಲ್ಲಿ ಯಾವ ಅರ್ಥವಿತ್ತು ಎಂಬುದನ್ನು ಕಣ್ಣು ಮುಚ್ಚಿ ಹೇಳುವರು. ಅವರಿಗೆ ಕಲಿಸಿದ ಗುರುಗಳೂ ಪುಸ್ತಕದಿಂದ ಕಲಿತವರು, ಆ ಗುರುಗಳ ಗುರುಗಳೂ ಪುಸ್ತಕದಿಂದ ಕಲಿತವರು. ಅವರು ಅರಬರ ನಾಡನ್ನು ಕಣ್ಣಾರೆ ಕಂಡದ್ದು ಒಮ್ಮೆ, ಒಂದು ವಿಚಾರ ಸಂಕಿರಣಕ್ಕೆಂದು ಹೋಗಿ ನಾಲ್ಕು ದಿನ ಹೋಟೆಲಿನಲ್ಲಿ ಉಳಿದಾಗ. ಆ ಹೋಟೆಲಿನಲ್ಲಿ ತಟ್ಟೆ ಎತ್ತುವವರಿಂದ ಹಿಡಿದು ಮ್ಯಾನೇಜರಿನವರೆಗೆ ಎಲ್ಲರೂ ಬೇರೆ ದೇಶದಿಂದ ದುಡಿಯಲು ಬಂದವರು.

ಸಂದರ್ಶನದ ದಿನ ನಿಘಂಟು ಅವಳ ಅರ್ಜಿ ನೋಡಿ, "ಅರಬ್ಬಿ ಗೊತ್ತಿದೆ ಅಂತ ಬರೆದಿದ್ದೀರಿ. ಎಲ್ಲಿ, ಸ್ವಲ್ಪ ಮಾತಾಡಿ," ಎಂದರು.

ನರ್ಸಮ್ಮ ತನ್ನ ಊರು, ಕೆಲಸ, ಬಂದ ಉದ್ದೇಶ ಎಲ್ಲವನ್ನೂ ಅರಬ್ಬಿಯಲ್ಲಿ ಒಂದೇ ಉಸಿರಿನಲ್ಲಿ ಹೇಳಿದಳು. ನಿಘಂಟು ಮುಖ ಕಿವುಚಿ ಗೋಣು ಹಾಕಿದರು. ಅವರಿಗೆ ಅರ್ಥವಾಗಲಿಲ್ಲ ಎಂಬುದು ಅವಳಿಗೆ ಆ ಕ್ಷಣವೇ ಗೊತ್ತಾಯಿತು. ಅರ್ಥವಾಗದ ರೋಗಿಗಳು ಡಾಕ್ಟರ ಮುಂದೆ ಎಲ್ಲ ತಿಳಿಯಿತು ಎಂಬಂತೆ ಹೇಗೆ ಗೋಣು ಹಾಕುತ್ತಾರೆ ಎಂಬುದನ್ನು ಇಪ್ಪತ್ಮೂರು ವರ್ಷ ನೋಡಿದವಳು ಅವಳು.

"ಇದು ಅರಬ್ಬಿ ಅಲ್ಲಮ್ಮ," ಅಂದರು ಅವರು. "ಅಡುಗೆಮನೆ ಭಾಷೆ. ವಿಭಕ್ತಿ ಇಲ್ಲ, ಸ್ವರಾಂತ ಇಲ್ಲ. ಇದನ್ನ ಪೂರ್ತಿ ಮರೆತರೆ ಮಾತ್ರ ನಾವು ನಿಮಗೆ ಏನಾದ್ರೂ ಕಲಿಸಬಹುದು."

ಆ ಸಂಜೆ ಅಂಗಡಿಯಲ್ಲಿ ಕೂತು ಅವಳು ತಂಗಿಗೆ ಹೇಳಿದಳು: "ಆ ಮನುಷ್ಯನನ್ನ ಅರಬರ ಊರಿನ ನಡುಬೀದೀಲಿ ಬಿಟ್ಟರೆ ಒಂದು ಲೋಟ ನೀರು ಕೇಳೋಕೆ ಆಗಲ್ಲ, ಬಾಯಾರಿ ಸಾಯ್ತಾನೆ. ಸಾಯೋವಾಗ ವಿಭಕ್ತಿ ಮಾತ್ರ ಸರಿಯಾಗಿರುತ್ತೆ."

ಆದರೂ ಸೇರಿದಳು. ಓದು ಕಲಿಯಬೇಕಾದ ಗರಜು ಅವಳದ್ದು.

ತರಗತಿಯಲ್ಲಿ ಅವಳನ್ನು ಬಿಟ್ಟು ಹನ್ನೊಂದು ಮಂದಿ. ಎಲ್ಲರೂ ಇಪ್ಪತ್ತರ ಆಚೀಚಿನವರು, ಬೇರೆ ಎಲ್ಲೂ ಸೀಟು ಸಿಗದೆ ಹಾಸ್ಟೆಲಿನ ಆಸೆಗೆ ಬಂದವರು. ಅವಳನ್ನು ‘ದೊಡ್ಡಮ್ಮ’ ಎಂದು ಕರೆದು, ತಲೆನೋವು ಬಂದಾಗ ಮಾತ್ರೆ ಕೇಳುತ್ತಿದ್ದರು. ಅಕ್ಷರಮಾಲೆಯನ್ನು ಎರಡೇ ದಿನದಲ್ಲಿ ಮುಗಿಸಿದ ನಿಘಂಟು ಮೂರನೇ ದಿನ ವ್ಯಾಕರಣಕ್ಕೆ ಕೈ ಹಾಕಿದರು. ಆರು ತಿಂಗಳಾಗುವಷ್ಟರಲ್ಲಿ ನರ್ಸಮ್ಮನಿಗೆ ಕ್ರಿಯಾಪದದ ಹದಿನೈದು ರೂಪಗಳ ಹೆಸರು ಬಾಯಿಪಾಠವಾಗಿತ್ತು. ಒಂದು ಪದವನ್ನು ನೆಟ್ಟಗೆ ಓದಲು ಮಾತ್ರ ಬರುತ್ತಿರಲಿಲ್ಲ. ಚುಕ್ಕೆ ಚುಕ್ಕೆಯ ಆ ನೋಟ್ಸಿನಲ್ಲಿ ಯಾವುದು ಅರಬರದ್ದು, ಯಾವುದು ತಂಗಿಯ ಜೆರಾಕ್ಸ್ ಮೆಷಿನ್ನಿನದ್ದು ಎಂದು ಬೇರ್ಪಡಿಸುವುದರಲ್ಲೇ ಅವಳ ಕಣ್ಣು ಬತ್ತಿಹೋಗುತ್ತಿತ್ತು.

ಇನ್ನು ‘ಅರಬ್ ಸಂಸ್ಕೃತಿ’ ಎಂಬ ಪಾಠ. ಅದರಲ್ಲಿ ಅರಬರ ಹದಿನಾಲ್ಕು ಲಕ್ಷಣಗಳಿದ್ದವು. ಒಂದು, ಅತಿಥಿ ಸತ್ಕಾರ. ನಾಲ್ಕು, ಅರಬರು ಎಂದೂ ಅವಸರ ಪಡುವುದಿಲ್ಲ. ಏಳು, ಅವರು ಹುಟ್ಟಾ ಕವಿಗಳು. ಒಂಬತ್ತು, ಅರಬ್ ಸ್ತ್ರೀ ಮಿತಭಾಷಿ. ಒಂಬತ್ತನೆಯದು ಬಂದಾಗ ನರ್ಸಮ್ಮ ಕೆಮ್ಮಿದ ನೆಪ ಮಾಡಿ ಮುಖ ಮುಚ್ಚಿಕೊಂಡಳು. ಮಿತಭಾಷಿಗಳಂತೆ. ಅವಳ ವಾರ್ಡಿನಲ್ಲಿ ಮೂವತ್ತೆರಡು ಮಂಚ. ಮೂವತ್ತೆರಡು ಮಿತಭಾಷಿಗಳು ಒಟ್ಟಿಗೆ ಬಾಯಿ ಬಿಟ್ಟರೆ ಕೆಳಗಿನ ಮಹಡಿಯ ಡಾಕ್ಟರುಗಳು ಫೋನು ಮಾಡಿ ಗೋಗರೆಯುತ್ತಿದ್ದರು. ಗರ್ಭಕೋಶ ತೆಗೆಸಿಕೊಂಡ ಮರುದಿನವೇ ಮಲಗಿದಲ್ಲಿಂದ ಫೋನಿನಲ್ಲಿ ಎಂಟು ಟ್ಯಾಕ್ಸಿ ಡ್ರೈವರುಗಳನ್ನು ಓಡಾಡಿಸಿದ ಒಬ್ಬಳಿದ್ದಳು. ನೆಂಟರು ನೋಡಲು ಬಂದರೆ ನಿದ್ದೆ ಬಂದವಳಂತೆ ಗೊರಕೆ ಹೊಡೆದು, ಅವರು ಹೋದ ಮೇಲೆ ತಂದ ಹಣ್ಣನ್ನು ತಾನೊಬ್ಬಳೇ ತಿನ್ನುವ ಇನ್ನೊಬ್ಬಳಿದ್ದಳು. ಅವಳು ಯಾವ ಲಕ್ಷಣದಡಿ ಬರುತ್ತಾಳೆ ಎಂದು ನರ್ಸಮ್ಮ ಮನಸ್ಸಿನಲ್ಲೇ ಪಟ್ಟಿಯನ್ನು ಮೇಲಿಂದ ಕೆಳಗೆ ಹುಡುಕಿದಳು.

ಇವರ ಅಜ್ಞಾನ ತಿದ್ದುವುದು ತನ್ನ ಡ್ಯೂಟಿಯಲ್ಲ ಎಂದುಕೊಂಡು ನೋಟ್ಸಿನ ಅಂಚಿನಲ್ಲಿ ಗೀಚುತ್ತ ಕೂತಳು. ತನಗೆ ಅರಬರ ಕರುಳಿನ ಉದ್ದಗಲ ಗೊತ್ತು ಎಂಬ ಗತ್ತು ಅವಳಿಗೂ ಕಡಿಮೆಯೇನೂ ಇರಲಿಲ್ಲ.

ವರ್ಷಕ್ಕೊಮ್ಮೆ ವಿಭಾಗದವರು ‘ಅರಬ್ ಸಂಸ್ಕೃತಿ ದಿನ’ ಮಾಡುತ್ತಿದ್ದರು. ಆ ವರ್ಷ ರಟ್ಟಿನಲ್ಲಿ ಒಂಟೆ ಕತ್ತರಿಸಿ ನಿಲ್ಲಿಸಿದರು. ಅದರ ಒಂದು ಕಾಲು ಕುಸಿದು ಅದು ಮಂಡಿಯೂರಿಕೊಂಡೇ ಕುಲಪತಿಗಳನ್ನು ಸ್ವಾಗತಿಸಿತು. ಹುಡುಗರೆಲ್ಲ ಹಾಸ್ಟೆಲಿನ ಬಿಳಿ ಬೆಡ್‌ಶೀಟು ಸುತ್ತಿಕೊಂಡಿದ್ದರು. ನಿಘಂಟು ಉದ್ದನೆಯ ಬಿಳಿ ನಿಲುವಂಗಿ ತೊಟ್ಟು ಬಂದರು. ಅದರ ಗುಂಡಿಗಳು ಕುತ್ತಿಗೆಯಿಂದ ಪಾದದವರೆಗೂ ಇದ್ದವು. ಅದು ಅರಬರ ನಿಲುವಂಗಿಯಲ್ಲ, ಹೆರಿಗೆ ವಾರ್ಡಿನ ಗೌನು ಎಂದು ನರ್ಸಮ್ಮನಿಗೆ ದೂರದಿಂದಲೇ ತಿಳಿಯಿತು. ಕುಲಪತಿಗಳು ಮುಟ್ಟಿ ನೋಡಿ ಬಟ್ಟೆ ಚೆನ್ನಾಗಿದೆ ಎಂದರು.

ಅದಾದ ಎರಡು ವಾರಕ್ಕೆ, ಒಂದು ಮಧ್ಯಾಹ್ನ, ಊರಿನ ದೊಡ್ಡ ಖಾಸಗಿ ಆಸ್ಪತ್ರೆಯಿಂದ ವಿಭಾಗಕ್ಕೆ ಫೋನು ಬಂತು.

ಆ ಆಸ್ಪತ್ರೆಯಲ್ಲಿ ಮಂಡಿಚಿಪ್ಪು ಬದಲಾಯಿಸಿಕೊಳ್ಳಲು ಅರಬರ ನಾಡುಗಳ ಪಡುವಣ ತುದಿಯಿಂದ ಒಬ್ಬ ಅಜ್ಜಿ ಬಂದಿದ್ದಳು. ಜೊತೆಗೆ ಮಗಳು, ತನ್ನ ಊರಿನಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳುವ ಟೀಚರು. ಅವರನ್ನು ಕರೆತಂದ ಏಜೆಂಟನ ದುಭಾಷಿ ಆಪರೇಷನ್ ಮುಗಿದ ದಿನವೇ ಇನ್ನೊಬ್ಬ ರೋಗಿಯನ್ನು ಹಿಡಿದುಕೊಂಡು ಬೇರೆ ಊರಿಗೆ ಹೋಗಿದ್ದ. ಆಪರೇಷನ್ ಸರಿಯಾಗಿಯೇ ಆಗಿತ್ತು. ಆದರೆ ಎರಡನೇ ದಿನದಿಂದ ಅಜ್ಜಿ ಊಟ ಬಿಟ್ಟು ಒಂದೇ ಸಮನೆ ಅಳುತ್ತಿದ್ದಳು. ಏನೆಂದು ಯಾರಿಗೂ ತಿಳಿಯುತ್ತಿಲ್ಲ. ಮಗಳು ಕೇಳಿದರೆ ತಲೆ ಆ ಕಡೆ ತಿರುಗಿಸುತ್ತಾಳೆ. ಹಾಗಾಗಿ ವಿಶ್ವವಿದ್ಯಾಲಯದಿಂದ ಭಾಷೆ ಬಲ್ಲವರು ಯಾರಾದರೂ ಬರಬಹುದೇ ಎಂದು ಕೇಳಿದ್ದರು.

ನಿಘಂಟು ಟೈ ಕಟ್ಟಿಕೊಂಡರು. ವಿಶ್ವವಿದ್ಯಾಲಯದ ಫೋಟೋಗ್ರಾಫರನ್ನೂ ಕರೆದರು. ಹೂಗುಚ್ಛ ತರಿಸಿದರು. ಹೊರಡುವ ಹೊತ್ತಿಗೆ ನರ್ಸಮ್ಮನತ್ತ ನೋಡಿ, "ನೀವೂ ಬನ್ನಿ. ಹೆಂಗಸರ ರೂಮು, ಜೊತೆಗೆ ಒಬ್ಬ ಹೆಂಗಸಿದ್ರೆ ಮರ್ಯಾದೆ. ಮಾತು ನಾನಾಡ್ತೀನಿ," ಎಂದರು.

ರೂಮಿನಲ್ಲಿ ಅಜ್ಜಿ ದಿಂಬಿಗೆ ಒರಗಿದ್ದಳು, ಕಣ್ಣು ಊದಿಕೊಂಡಿತ್ತು. ನಿಘಂಟು ಮಂಚದ ಕಾಲ ಬಳಿ ನಿಂತು ಗಂಟಲು ಸರಿಪಡಿಸಿಕೊಂಡು ಶುರು ಮಾಡಿದರು. ಒಂದೊಂದು ಪದವನ್ನೂ ಕೊನೆಯ ಸ್ವರದವರೆಗೆ ಎಳೆದು, ಎದೆಯಾಳದಿಂದ, ಗಂಭೀರವಾಗಿ. ತಾವು ಯಾರು, ಎಲ್ಲಿಂದ ಬಂದದ್ದು, ಅವರ ಆರೋಗ್ಯಕ್ಕೆ ಏನು ಹಾರೈಸುತ್ತೇವೆ ಎಂಬುದನ್ನು ಸಾವಿರ ವರ್ಷ ಹಿಂದಿನ ಶೈಲಿಯಲ್ಲಿ ಹೇಳುತ್ತಿದ್ದರು. ಅಜ್ಜಿಯ ಜೀವಮಾನದಲ್ಲಿ ಆ ಧಾಟಿಯ ಅರಬ್ಬಿಯನ್ನು ಎದುರುಬದುರು ಕೇಳಿದ್ದು ಪ್ರಾರ್ಥನೆ ಓದುವವರ ಬಾಯಲ್ಲಿ ಮಾತ್ರ. ಅವಳ ಮುಖ ಬಿಳುಚಿಕೊಂಡಿತು. ಹೂಗುಚ್ಛ ನೋಡಿದಳು, ಟೈ ನೋಡಿದಳು, ಫೋಟೋ ತೆಗೆಯುವವನನ್ನು ನೋಡಿದಳು. ಆಮೇಲೆ ಎರಡೂ ಕೈ ಎತ್ತಿ ಎದೆ ಬಡಿದುಕೊಂಡು ಗೊಳೋ ಎಂದಳು. ತನ್ನ ಕಡೆಗಾಲ ಬಂತು, ಮಗಳು ತನಗೆ ಹೇಳದೆಯೇ ಮೌಲ್ವಿಯನ್ನು ಕರೆಸಿದಳು ಎಂದು ಆ ಮುದುಕಿಗೆ ಖಾತ್ರಿಯಾಗಿತ್ತು.

ನಿಘಂಟು ಕಕ್ಕಾಬಿಕ್ಕಿಯಾಗಿ, ಮಾತು ಇನ್ನಷ್ಟು ಸ್ಪಷ್ಟವಾಗಲೆಂದು ಇನ್ನಷ್ಟು ಎಳೆದರು. ಅಜ್ಜಿ ಇನ್ನಷ್ಟು ಜೋರಾಗಿ ಅತ್ತಳು.

ನರ್ಸಮ್ಮನಿಗೆ ಒಳಗೊಳಗೇ ಹಬ್ಬ. ಆರು ತಿಂಗಳು ನುಂಗಿಕೊಂಡದ್ದಕ್ಕೆ ಈಗ ಬಡ್ಡಿ ಬಂತು ಎಂದುಕೊಂಡು, ನಿಘಂಟುವನ್ನು ಮೊಣಕೈಯಿಂದ ಸರಿಸಿ ಮುಂದೆ ಬಂದಳು. ಅಜ್ಜಿಯ ಕೈ ಹಿಡಿದು, ತನ್ನ ವಾರ್ಡಿನಲ್ಲಿ ದಿನಕ್ಕೆ ನೂರು ಸಲ ಹೇಳುತ್ತಿದ್ದ, ಯಾವ ರೋಗಿಯ ಮುಖವನ್ನೂ ಅರಳಿಸುತ್ತಿದ್ದ ಹಾರೈಕೆಯನ್ನು ಹೇಳಿದಳು: "ಅಲ್ಲಾಹ್ ಯಅತೀಕಿ ಅಲ್ ಆಫಿಯಾ." ದೇವರು ನಿನಗೆ ಆರೋಗ್ಯ ಕೊಡಲಿ.

ಅಜ್ಜಿಯ ಅಳು ಗಕ್ಕನೆ ನಿಂತಿತು. ಅವಳು ಕೈ ಕಿತ್ತುಕೊಂಡಳು. ಕಣ್ಣರಳಿಸಿ ಮಗಳತ್ತ ತಿರುಗಿ ಏನೋ ಒದರಿದಳು. ನರ್ಸಮ್ಮನಿಗೆ ಅದರಲ್ಲಿ ಒಂದು ಪದವೂ ಹತ್ತಲಿಲ್ಲ. ಮಾತೆಲ್ಲ ಸ್ವರ ಕಳಚಿ, ವ್ಯಂಜನಕ್ಕೆ ವ್ಯಂಜನ ಢಿಕ್ಕಿ ಹೊಡೆದುಕೊಂಡು ಬರುತ್ತಿತ್ತು. ಇಪ್ಪತ್ಮೂರು ವರ್ಷದಲ್ಲಿ ಅಂಥ ಅರಬ್ಬಿಯನ್ನು ಅವಳು ಕೇಳಿರಲಿಲ್ಲ. ಅವಳು ಇನ್ನೊಂದು ಮಾತು ಆಡಿ ನೋಡಿದಳು. ಅಜ್ಜಿ ದಿಂಬಿನ ಆ ತುದಿಗೆ ಸರಿದಳು.

ಟೀಚರ್ ಮಗಳು ಅಮ್ಮನನ್ನು ಸುಮ್ಮನಾಗಿಸಿ, ನಿಘಂಟುವಿನತ್ತ ತಿರುಗಿ, ನಿಧಾನವಾಗಿ, ಬಿಡಿಬಿಡಿಯಾಗಿ, ಪಠ್ಯಪುಸ್ತಕದ ಅರಬ್ಬಿಯಲ್ಲಿ ಮಾತಾಡಿದಳು. ನಿಘಂಟುವಿನ ಮುಖ ಬೆಳಗಿತು. ಬದುಕಿನಲ್ಲಿ ಮೊದಲ ಸಲ ಅರಬರ ನಾಡಿನವರೊಬ್ಬರ ಮಾತು ಅವರಿಗೆ ಪೂರ್ತಿ ತಿಳಿದಿತ್ತು. ಅವರು ನರ್ಸಮ್ಮನಿಗೆ ಬೆರಳೆತ್ತಿ ವಿವರಿಸಿದರು: "ಅವರ ಸೀಮೆಯಲ್ಲಿ ಆಫಿಯಾ ಅಂದ್ರೆ ಬೆಂಕಿಯಂತೆ. ದೇವರು ನಿನಗೆ ಬೆಂಕಿ ಕೊಡಲಿ ಅಂದಿದ್ದೀರಿ ನೀವು. ಮೊದಲು ಮೌಲ್ವಿ ಬಂದ, ಆಮೇಲೆ ನರಕದ ಬೆಂಕಿ ತರೋಳು ಬಂದಳು ಅಂತ ಅವರು ಹೆದರಿದ್ದಾರೆ."

ನರ್ಸಮ್ಮನಿಗೆ ಕಿವಿ ಬಿಸಿಯಾಯಿತು. ಇಷ್ಟು ವರ್ಷ ತಾನು ಕಲಿತದ್ದು ಅರಬ್ಬಿಯಲ್ಲ, ಒಂದು ಆಸ್ಪತ್ರೆಯ ಮಾತು. ಒಂದು ಊರಿನ ಮೂವತ್ತೆರಡು ಮಂಚದ ಮಾತು. ಅದನ್ನು ಈ ಕೋಡಂಗಿಯ ಮುಂದೆಯೇ ಒಪ್ಪಿಕೊಳ್ಳಬೇಕಾಯಿತಲ್ಲ ಎಂಬುದು ಅವಳಿಗೆ ಇನ್ನೂ ಹೆಚ್ಚು ಉರಿಯಿತು.

ಅಷ್ಟರಲ್ಲಿ ಡ್ಯೂಟಿ ನರ್ಸ್ ಫೈಲು ಹಿಡಿದುಕೊಂಡು ಬಂದಳು. "ನಾಳೆ ಮನೋವೈದ್ಯರನ್ನ ಕರೆಸೋಣ ಅಂತಿದ್ದಾರೆ ಡಾಕ್ಟ್ರು. ನಿನ್ನೆ ಮಗಳು ಕೆಳಗೆ ಹೋಗಿದ್ದಾಗ ಅಜ್ಜಿ ನನ್ನ ಹತ್ರ ಏನೋ ಹೇಳಿದ್ರು. ಮೊಬೈಲಲ್ಲಿ ಅನುವಾದ ಮಾಡಿಸಿದ್ವಿ. ‘ನನಗೆ ಮುತ್ತಿಗೆ ಹಾಕಲಾಗಿದೆ’ ಅಂತ ಬಂತು. ಬಾಗಿಲ ಹತ್ರ ಇದ್ದ ಸೆಕ್ಯೂರಿಟಿಯವನನ್ನೂ ದೂರ ಕಳಿಸಿದ್ವಿ. ಆದರೂ ಅಳು ನಿಂತಿಲ್ಲ."

ಅವಳು ಮೊಬೈಲು ತೋರಿಸಿದಳು. ಅಜ್ಜಿಯ ಮಾತು ಅರಬ್ಬಿ ಅಕ್ಷರದಲ್ಲಿ ಹಾಗೇ ಉಳಿದಿತ್ತು. ನರ್ಸಮ್ಮ ಬಗ್ಗಿ ನೋಡಿದಳು; ಅದೇ ನೂಲಿನ ತುಂಡುಗಳು. ನಿಘಂಟು ಕನ್ನಡಕವನ್ನು ಹಣೆಗೇರಿಸಿ, ಪಾಠದ ಧಾಟಿಯಲ್ಲೇ ಹೇಳಿದರು: "ಮಹ್ಸೂರಾ. ಹಸರ ಧಾತು. ಸುತ್ತುವರಿ, ತಡೆ, ಮುತ್ತಿಗೆ ಹಾಕು. ಹಳೆಯ ನಿಘಂಟುಗಳಲ್ಲಿ ಇನ್ನೊಂದು ಅರ್ಥವೂ ಇದೆ. ದೇಹದೊಳಗಿನದು ಹೊರಗೆ ಹೋಗದೆ ಕಟ್ಟಿಕೊಳ್ಳೋದು. ಇಲ್ಲಿ ಅದು ಅಪ್ರಸ್ತುತ."

"ಏನಂದ್ರಿ?" ನರ್ಸಮ್ಮ ಕೇಳಿದಳು.

"ಅಪ್ರಸ್ತುತ ಅಂದೆ."

ಅವಳು ಅವರ ಮುಂದಿನ ಮಾತಿಗೆ ಕಾಯಲಿಲ್ಲ. ಗಂಡಸರಿಬ್ಬರನ್ನೂ ಹೊರಗೆ ಕಳಿಸಿ, ಪರದೆ ಎಳೆದು, ಅಜ್ಜಿಯ ಕಣ್ಣಲ್ಲಿ ಕಣ್ಣಿಟ್ಟು, ಏನೂ ಮಾತಾಡದೆ ಹೊದಿಕೆ ಸರಿಸಿ ಕಿಬ್ಬೊಟ್ಟೆಯ ಮೇಲೆ ಅಂಗೈ ಇಟ್ಟಳು. ಹೊಕ್ಕುಳವರೆಗೂ ಕಲ್ಲಂಗಡಿ ಹಣ್ಣಿನ ಹಾಗೆ ಬಿಗಿದುಕೊಂಡಿತ್ತು. ಮೆಲ್ಲಗೆ ಒತ್ತಿದಾಗ ಅಜ್ಜಿ ಅವಳ ಮಣಿಕಟ್ಟು ಹಿಡಿದುಕೊಂಡು ಮೊದಲ ಸಲ ಹೌದು ಎಂಬಂತೆ ತಲೆಯಾಡಿಸಿದಳು.

"ಮೂತ್ರ ಕಟ್ಟಿದೆ," ಎಂದಳು ನರ್ಸಮ್ಮ.

"ಇಲ್ಲ ಮೇಡಂ, ಡೈಪರ್ ಒದ್ದೆ ಆಗ್ತಾ ಇದೆ. ಚಾರ್ಟಲ್ಲಿ ಬರೆದಿದ್ದೀವಿ," ಡ್ಯೂಟಿ ನರ್ಸ್ ಹೇಳಿದಳು.

"ಟ್ಯಾಂಕು ತುಂಬಿ ಮೇಲಿಂದ ತೊಟ್ಟಿಕ್ತಾ ಇದೆ ಕಣಮ್ಮ. ಆಪರೇಷನ್ನಿಗೆ ಹಾಕಿದ್ದ ಮೂತ್ರದ ಟ್ಯೂಬು ತೆಗೆದ ಮೇಲೆ ಎರಡು ದಿನದಿಂದ ಒಳಗೇ ನಿಂತಿದೆ. ಯಾರಾದ್ರೂ ಒಬ್ಬರು ಹೊಟ್ಟೆ ಮುಟ್ಟಿ ನೋಡಿದ್ದೀರಾ? ಮನೋವೈದ್ಯರಂತೆ. ಮೊದಲು ಡಾಕ್ಟರಿಗೆ ಹೇಳಿ ಟ್ಯೂಬು ತಗೊಂಡು ಬಾ."

ಟ್ಯೂಬು ಹಾಕಿದಾಗ ಒಂದೂಕಾಲು ಲೀಟರು ಬಂತು. ಗಂಡಸು ಅಟೆಂಡರುಗಳು ಓಡಾಡುವ ಕಡೆ ಹೇಳಿಕೊಳ್ಳಲು ನಾಚಿ, ಮಗಳಿಗೆ ಹೇಳಿದರೆ ಅವಳು ಗಲಾಟೆ ಮಾಡುತ್ತಾಳೆಂದು ಅಂಜಿ ಅಜ್ಜಿ ಸುಮ್ಮನಿದ್ದಳು. ಈಗ ದಿಂಬಿಗೆ ತಲೆ ಇಟ್ಟು ಹಾಗೇ ನಿದ್ದೆ ಹೋದಳು. ಮೂಳೆ ಡಾಕ್ಟರು ಬಂದು, "ಗುಡ್, ಗುಡ್," ಎಂದು ಯಾರ ಮುಖವನ್ನೂ ನೋಡದೆ ಹೋದರು.

ಮೂರನೇ ದಿನ ಪತ್ರಿಕೆಯಲ್ಲಿ ಸುದ್ದಿ ಬಂತು. ನಿದ್ದೆ ಹೋದ ಅಜ್ಜಿಯ ಪಕ್ಕದಲ್ಲಿ ನಿಘಂಟು ಹೂಗುಚ್ಛ ಹಿಡಿದು ನಿಂತ ಫೋಟೋ. ಅರಬ್ಬಿ ವಿಭಾಗದ ಮುಖ್ಯಸ್ಥರ ಪಾಂಡಿತ್ಯದಿಂದ ವಿದೇಶಿ ರೋಗಿಗೆ ಮರುಜೀವ. ಕೊನೆಯ ಸಾಲಿನಲ್ಲಿ, ‘ಈ ಸಂದರ್ಭದಲ್ಲಿ ವಿದ್ಯಾರ್ಥಿನಿಯೊಬ್ಬರು ಉಪಸ್ಥಿತರಿದ್ದರು.’

"ಉಪಸ್ಥಿತರಿದ್ದರಂತೆ," ತಂಗಿ ಓದಿ ಪೇಪರನ್ನು ಮಡಚಿದಳು. "ಕುರ್ಚಿ, ಟೇಬಲ್ಲು ಇದ್ದ ಹಾಗೆ."

ಅದಕ್ಕಿಂತ ಹೆಚ್ಚು ಚುಚ್ಚಿದ್ದು ತರಗತಿಯಲ್ಲಿ ನಡೆದದ್ದು. ನಿಘಂಟು ಆಸ್ಪತ್ರೆಯ ಕಥೆಯನ್ನು ವಿಸ್ತಾರವಾಗಿ ಹೇಳಿ, ಬೀದಿ ಅರಬ್ಬಿ ಕಲಿತರೆ ಏನಾಗುತ್ತದೆ ಎಂಬುದಕ್ಕೆ ಬೆಂಕಿಯ ಪ್ರಸಂಗವನ್ನು ಉದಾಹರಣೆ ಕೊಟ್ಟರು. ಹುಡುಗರು ನಕ್ಕರು. ನರ್ಸಮ್ಮನೂ ನಕ್ಕಳು, ತಪ್ಪು ತನ್ನದೇ ತಾನೇ. ಆಮೇಲೆ ಮಂಡಿ ಹಿಡಿದುಕೊಂಡು ಎದ್ದು ನಿಂತಳು.

"ಸರ್, ಅದಕ್ಕೆ ಮುಂಚಿನದೂ ಹೇಳಿಬಿಡಿ. ನೀವು ಬಾಯಿ ತೆಗೆದ ತಕ್ಷಣ ಅಜ್ಜಿ ಎದೆ ಬಡಕೊಂಡು ಅತ್ತಿದ್ದು. ಕಡೇ ಪ್ರಾರ್ಥನೆ ಓದೋಕೆ ಬಂದಿದ್ದೀರಿ ಅಂದ್ಕೊಂಡಿದ್ದು. ಅದೂ ಉದಾಹರಣೇನೇ ಅಲ್ವಾ, ಪುಸ್ತಕದ ಅರಬ್ಬಿಗೆ?"

ಹಿಂದಿನ ಬೆಂಚಿನಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ಅದು ಬೆಂಚಿನಿಂದ ಬೆಂಚಿಗೆ ಹಬ್ಬಿತು. ನಿಘಂಟು ಸೀಮೆಸುಣ್ಣವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. "ಹನ್ನೊಂದನೇ ಲಕ್ಷಣ," ಎಂದು ಬೋರ್ಡಿನತ್ತ ತಿರುಗಿದರು. "ಅರಬರು ಸಾವಿಗೆ ಅಂಜುವುದಿಲ್ಲ."

"ಯಾವ ಊರಿನವರು ಸರ್?" ನರ್ಸಮ್ಮ ಇನ್ನೂ ನಿಂತೇ ಇದ್ದಳು. ಆ ಪ್ರಶ್ನೆ ಅವರಿಗೆಷ್ಟೋ ತನಗೂ ಅಷ್ಟೇ ಎಂಬುದು ಕೇಳಿದ ಮೇಲೆ ಅವಳಿಗೆ ಹೊಳೆಯಿತು. ನಿಘಂಟು ಹನ್ನೆರಡನೇ ಲಕ್ಷಣ ಬರೆಯತೊಡಗಿದರು.

ಅಜ್ಜಿ ಆಸ್ಪತ್ರೆಯಲ್ಲಿ ಇನ್ನೂ ಹನ್ನೆರಡು ದಿನ ಇದ್ದಳು. ನರ್ಸಮ್ಮ ದಿನವೂ ಮಧ್ಯಾಹ್ನ ಹೋಗುತ್ತಿದ್ದಳು. ಅಜ್ಜಿ ಅವಳನ್ನು ‘ಬೆಂಕಿ’ ಎಂದೇ ಕರೆದು ಮಂಚದ ಮೇಲೆ ಜಾಗ ಕೊಡುತ್ತಿದ್ದಳು. ಮೂರನೇ ದಿನ ಟೀಚರ್ ಮಗಳಿಗೆ, ಇಷ್ಟು ಮಾತಾಡುವ ಹೆಂಗಸಿಗೆ ತಾವು ಊರಿನಿಂದ ತಂದ ಮಾತ್ರೆ ಡಬ್ಬಿಯ ಮೇಲಿನ ಅರಬ್ಬಿ ಓದಲು ಬಾರದು ಎಂಬುದು ಗೊತ್ತಾಯಿತು. ಐದು ವರ್ಷದ ಮಕ್ಕಳನ್ನು ದಾರಿಗೆ ತಂದವಳು ಅವಳು, ಸುಮ್ಮನಿರುತ್ತಾಳೆಯೇ. ಖಾಲಿ ಡಬ್ಬಿಯ ರಟ್ಟು ಕತ್ತರಿಸಿ ಅಕ್ಷರ ಬರೆದಳು. ಈ ಅಕ್ಷರ ಎಡಗಡೆಯವನ ಕೈ ಹಿಡಿಯುತ್ತದೆ, ಈ ಅಕ್ಷರ ಜಂಬದ್ದು, ಹಿಡಿಯುವುದಿಲ್ಲ ಎಂದು ಕೈಸನ್ನೆಯಲ್ಲಿ ತೋರಿಸಿದಳು. ತಪ್ಪಿದರೆ ಬೆರಳ ಗಿಣ್ಣಿಗೆ ಪೆನ್ನಿನಿಂದ ಮೆಲ್ಲಗೆ ತಟ್ಟುತ್ತಿದ್ದಳು. ಅಜ್ಜಿ ಮಲಗಿದಲ್ಲಿಂದಲೇ ಹೀಯಾಳಿಸುತ್ತಿದ್ದಳು, ಅವಳಿಗೂ ಓದು ಬಾರದಿದ್ದರೂ. ಅವರು ಊರಿಗೆ ಹೊರಡುವ ಹಿಂದಿನ ದಿನ ನರ್ಸಮ್ಮ ಡಬ್ಬಿಯ ಮೇಲಿನ ಸಾಲನ್ನು ತಡವರಿಸದೆ ಓದಿದಳು: ಊಟದ ನಂತರ, ದಿನಕ್ಕೆ ಮೂರು ಬಾರಿ. ಬಾಯಲ್ಲಿ ಸಾವಿರ ಸಲ ಹೇಳಿದ್ದ ಮಾತು ಮೊದಲ ಸಲ ಕಣ್ಣಿಗೆ ಕಂಡಿತ್ತು. ಅಜ್ಜಿ ಹೊರಟ ದಿನ ಇಬ್ಬರೂ ಮೂಗು ಒರೆಸಿಕೊಂಡರು, ಒಬ್ಬರ ಮಾತು ಒಬ್ಬರಿಗೆ ಅರ್ಧವೂ ತಿಳಿಯದೆಯೇ.

ವಿಶ್ವವಿದ್ಯಾಲಯ ಆರು ತಿಂಗಳಲ್ಲಿ ಮಾಡಲಾಗದ್ದನ್ನು ಒಬ್ಬ ಶಿಶುವಿಹಾರದ ಟೀಚರು ಮಾತ್ರೆ ಡಬ್ಬಿ ಕತ್ತರಿಸಿ ಮಾಡಿದ್ದಳು.

ಮರುದಿನ ನರ್ಸಮ್ಮ ಕಲ್ಲಿನ ಪೆಟ್ಟಿಗೆಗಳನ್ನು ದಾಟಿ ವಿಭಾಗದ ಬಾಗಿಲಿಗೆ ಬಂದು, ಮೇಲಿದ್ದ ನಾಮಫಲಕವನ್ನು ಹುಮ್ಮಸ್ಸಿನಿಂದ ಓದಲು ಹೋದಳು. ಆಗಲಿಲ್ಲ. ಕೈ ಹಿಡಿಯಬೇಕಾದ ಅಕ್ಷರಗಳೆಲ್ಲ ಬೇರೆ ಬೇರೆ ನಿಂತಿದ್ದವು. ಬಲದಿಂದ ಎಡಕ್ಕೆ ಓದಬೇಕಾದ ಸಾಲನ್ನು ಎಡದಿಂದ ಬಲಕ್ಕೆ ಸೇರಿಸಿ ನೋಡಿದಾಗ ಅದು ವಿಭಾಗದ ಹೆಸರಾಯಿತು. ಅರಬ್ಬಿ ವಿಭಾಗದ ಬಾಗಿಲ ಮೇಲೆ ಅರಬ್ಬಿಯನ್ನು ಹಿಂದುಮುಂದು ಮಾಡಿ ನೇತುಹಾಕಿದ್ದರು.

ಅವಳು ನೇರ ನಿಘಂಟುವಿನ ಕೋಣೆಗೆ ಹೋದಳು. "ಸರ್, ಬೋರ್ಡು ಉಲ್ಟಾ ಇದೆ."

ನಿಘಂಟು ಡ್ರಾಯರಿನಿಂದ ಒಂದು ದಪ್ಪ ಫೈಲು ತೆಗೆದು ಮುಂದಿಟ್ಟರು. ಕುಲಸಚಿವರಿಗೆ, ಕಾಮಗಾರಿ ವಿಭಾಗಕ್ಕೆ, ಮುದ್ರಣಾಲಯಕ್ಕೆ ಬರೆದ ಪತ್ರಗಳು. "ಆರು ವರ್ಷದಿಂದ ಬರೀತಿದ್ದೀನಿ. ಕಂಪ್ಯೂಟರಿನಲ್ಲಿ ಹಾಗೇ ಬರುತ್ತೆ ಅಂತಾರೆ. ಒಂದು ಸಲ ಬಿಚ್ಚಿಕೊಂಡು ಹೋಗಿ, ಒರೆಸಿ, ಅದನ್ನೇ ತಂದು ಹಾಕಿದ್ರು. ಇಷ್ಟು ವರ್ಷದಲ್ಲಿ ಬಂದು ಇದನ್ನ ಹೇಳಿದ ಮೊದಲ ವಿದ್ಯಾರ್ಥಿ ನೀವು."

"ಮತ್ತೆ ನೀವೇ ಸರಿ ಮಾಡಬಹುದಿತ್ತಲ್ಲ?"

"ಅದು ನಿಯಮದಲ್ಲಿ ಬರಲ್ಲಮ್ಮ."

ನರ್ಸಮ್ಮ ಒಂದು ಬಿಳಿ ಹಾಳೆ ಅವರ ಮುಂದೆ ಸರಿಸಿದಳು. "ಸರಿಯಾದ್ದನ್ನ ಬರೆದು ಕೊಡಿ."

ನಿಘಂಟು ಬಾಗಿಲತ್ತ ಒಮ್ಮೆ ನೋಡಿ, ಓರೆ ಮೂತಿಯ ಪೆನ್ನು ತೆಗೆದು ಬರೆದರು. ಒಂದೊಂದು ಅಕ್ಷರವೂ ಎರಕ ಹೊಯ್ದ ಹಾಗಿತ್ತು. ತಂಗಿ ಅದನ್ನು ದೊಡ್ಡದು ಮಾಡಿ ಸ್ಟಿಕ್ಕರು ಕತ್ತರಿಸಿದಳು. ಶನಿವಾರ ಮಧ್ಯಾಹ್ನ ಅಕ್ಕತಂಗಿಯರು ಸ್ಟೂಲು ತಂದು, ಹಳೆಯ ಅಕ್ಷರ ಕೆರೆದು, ಹೊಸದು ಅಂಟಿಸಿದರು. ಸ್ಟೂಲು ಹಿಡಿದುಕೊಂಡದ್ದು ನರ್ಸಮ್ಮ. ಮಂಡಿನೋವು ಅವಳನ್ನು ಹತ್ತಲು ಬಿಡಲಿಲ್ಲ.

ಬಾಗಿಲ ಮೇಲೆ ಯಾರೋ ಏನೋ ಕೆರೆಯುತ್ತಿದ್ದರೆಂದು ಕಾವಲುಗಾರ ವರದಿ ಕೊಟ್ಟಿದ್ದನಂತೆ, ಹತ್ತು ದಿನಕ್ಕೆ ಆಡಳಿತದಿಂದ ನೋಟಿಸು ಬಂತು. ವಿಶ್ವವಿದ್ಯಾಲಯದ ಆಸ್ತಿಯನ್ನು ವಿರೂಪಗೊಳಿಸಿದವರು ಯಾರು? ನಿಘಂಟು ಉತ್ತರ ಬರೆದು ಕಳಿಸಿದರು: ಸದರಿ ಕೃತ್ಯದ ಬಗ್ಗೆ ವಿಭಾಗಕ್ಕೆ ಯಾವುದೇ ಮಾಹಿತಿ ಇರುವುದಿಲ್ಲ.

"ನಿಮ್ಮ ಕೈಬರಹಾನೇ ಸರ್ ಅದು," ಎಂದಳು ನರ್ಸಮ್ಮ.

"ನನಗಿನ್ನೂ ನಾಲ್ಕು ವರ್ಷ ಸರ್ವೀಸಿದೆಯಮ್ಮ," ಎಂದರು ಅವರು, ನೆಲ ನೋಡುತ್ತ.

ಮೂವರ ತನಿಖಾ ಸಮಿತಿ ಬಂತು. ಬಾಗಿಲ ಮುಂದೆ ಕತ್ತೆತ್ತಿ ನಿಂತಿತು. ಒಬ್ಬರು ಫೋಟೋ ತೆಗೆದರು, ಒಬ್ಬರು ಹಳೆಯ ಫೋಟೋ ಜೊತೆ ಹಿಡಿದು ನೋಡಿದರು, ಇನ್ನೊಬ್ಬರು ಎರಡನ್ನೂ ತಿರುಗಿಸಿ ನೋಡಿದರು. ಏನು ಬದಲಾಗಿದೆ ಎಂದು ಮೂವರಿಗೂ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಒಬ್ಬರ ಮುಂದೆ ಒಬ್ಬರು ಹೇಳಲೂ ಇಲ್ಲ. ಬಿಸ್ಕತ್ತು ತಿಂದು, ಚಹಾ ಕುಡಿದು, ‘ಪರಿಶೀಲಿಸಲಾಗಿ ಯಾವುದೇ ವ್ಯತ್ಯಾಸ ಕಂಡುಬಂದಿರುವುದಿಲ್ಲ’ ಎಂದು ಬರೆದು ಹೋದರು.

ಎರಡನೇ ವರ್ಷದ ಫಾರ್ಮು ತುಂಬುತ್ತಿದ್ದ ಅಕ್ಕನನ್ನು ನೋಡಿ ತಂಗಿ, "ಇನ್ನೂ ಹೋಗ್ತೀಯಾ ಅಲ್ಲಿಗೆ? ಓದೋಕೆ ಬಂತಲ್ಲ ನಿಂಗೆ," ಎಂದಳು.

"ಬರೆಯೋದು ಬಾಕಿ ಇದೆ," ಎಂದಳು ನರ್ಸಮ್ಮ. "ಆ ಮನುಷ್ಯನಿಗೆ ಬೆನ್ನುಮೂಳೆ ಇಲ್ಲ, ಬಾಯಿ ಇಲ್ಲ, ಹದಿನಾಲ್ಕು ಸುಳ್ಳು ಬಿಟ್ಟರೆ ಲೋಕಜ್ಞಾನ ಇಲ್ಲ. ಅಕ್ಷರ ಮಾತ್ರ ಚೆನ್ನಾಗಿದೆ. ಅದೊಂದನ್ನ ಕಲಿತುಕೊಂಡು ಬಂದುಬಿಡ್ತೀನಿ."